ಸೇರಿನ ಮೇಲಿನ ಗೋಪುರ

ಬಾಗೂರಿನ ಸುತ್ತ ಹತ್ತು ಹಳ್ಳಿಯ ಕಣಗಳಲ್ಲಿ ರಾಗಿ ಜೋಳ ಅಳೆಯುತ್ತಿದ್ದ ಚಿತ್ರಲಿಂಗಪ್ಪನ ಮೊಮ್ಮಗಳು ಮಲ್ಲಕ್ಕ. ಆ ಕಾಲದಲ್ಲಿ ರಾಶಿಯಾದ ಮೇಲೆ ಕೊಳಗ ಹಿಡಿಯುವ ಕೈ ಒಂದೇ ಇರುತ್ತಿತ್ತು. ಆ ಕೈಯನ್ನು ಊರೆಲ್ಲ ನಂಬಿರಬೇಕಿತ್ತು. ಚಿತ್ರಲಿಂಗಪ್ಪ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಕೂಗಿ, ಎರಡನೆಯದರಿಂದ ಎಣಿಕೆ ಹಿಡಿಯುತ್ತಿದ್ದ. ಕೊಳಗ ತುಂಬಿದ ಮೇಲೂ ಕೈ ನಿಲ್ಲಿಸದೆ, ಕಾಳು ಗೋಪುರವಾಗಿ ನಿಂತು ಅಂಚಿನಿಂದ ಒಂದೆರಡು ಕೆಳಗೆ ಉದುರುವ ತನಕ ಸುರಿಯುತ್ತಿದ್ದ. ಒಂದು ಸುಗ್ಗಿಯಲ್ಲಿ ದೊಡ್ಡ ಹಿಡುವಳಿಯವನೊಬ್ಬ, ‘ನನ್ನ ಪಾಲಿಗೆ ಗೋಪುರ ಕಟ್ಟು, ಆಳುಗಳ ಪಾಲು ಸವರಿ ಅಳಿ’ ಎಂದನಂತೆ. ಚಿತ್ರಲಿಂಗಪ್ಪ ಕೊಳಗವನ್ನು ರಾಶಿಯ ಮೇಲೆ ಬೋರಲು ಹಾಕಿ, ಕಂಬಳಿ ಕೊಡವಿಕೊಂಡು ಮನೆಗೆ ಹೋದ. ಎರಡು ಸುಗ್ಗಿ ಆ ಕಣದ ಕಡೆ ತಲೆ ಹಾಕಲಿಲ್ಲ. ಮೂರನೆಯ ಸುಗ್ಗಿಗೆ ಆ ಮನೆಯ ಯಜಮಾನತಿಯೇ ಎಲೆಅಡಿಕೆ ಕಳಿಸಿ ಕರೆಸಿಕೊಂಡಳು.

ಅವನ ಹೆಂಡತಿ ಬರಗೇರಮ್ಮ ಅವನಿಗಿಂತ ಒಂದು ಕೈ ಮೇಲು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದ ಕಾಲ ಅದು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ, ಇಳಿದವನು ಮೇಲೆ ಬರುವುದಿಲ್ಲ. ಒಮ್ಮೆ ಕಲ್ಲು ಸರಿಸಿದ ತಕ್ಷಣ ಇಳಿಯಲು ಹೊರಟ ಇಬ್ಬರು ಗಂಡಸರಿಗೆ ಅಡ್ಡವಾಗಿ ಬರಗೇರಮ್ಮ ಹಗೇವಿನ ಬಾಯಿಯ ಪಕ್ಕ ಕೂತುಬಿಟ್ಟಳು. ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದಳು, ಪಟ್ಟನೆ ಆರಿತು. ಇನ್ನೊಮ್ಮೆ ಇಳಿಸಿದಳು, ಆಗಲೂ ಆರಿತು. ಮೂರನೆಯ ಸಲ ದೀಪ ಉರಿಯುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು. ಅಲ್ಲಿಯವರೆಗೆ ಅವಳು ಕದಲಲಿಲ್ಲ. ಅಜ್ಜನ ಕೈಯೂ ಅಜ್ಜಿಯ ದೀಪವೂ ಮಲ್ಲಕ್ಕನ ಪಾಲಿಗೆ ಬಂದವೆಂದೇ ನನ್ನ ನಂಬಿಕೆ.

ನನ್ನ ಹೆಸರು ಸಣ್ಣತಿಮ್ಮಪ್ಪ. ಚಿತ್ರದುರ್ಗದಿಂದ ಬರುವ ‘ಜೋಗಿಮಟ್ಟಿ ವಾರ್ತೆ’ ಪತ್ರಿಕೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಕ್ಷರ ಜೋಡಿಸಿದವನು. ಶಾಲೆಯ ಮಣ್ಣು ತುಳಿದದ್ದು ಎರಡೇ ವರ್ಷ. ಓದು ಕಲಿತದ್ದೆಲ್ಲ ಅಚ್ಚಿನ ಮನೆಯಲ್ಲಿ, ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕುತ್ತ, ತಲೆಕೆಳಗಾದ ಅಕ್ಷರಗಳನ್ನು ನೋಡುತ್ತ. ಇವತ್ತಿಗೂ ಕನ್ನಡಿಯೊಳಗಿನ ಬರಹ ನನಗೆ ನೇರ ಬರಹದಷ್ಟೇ ಸಲೀಸು. ಪಂಡಿತರು ಬರೆದದ್ದನ್ನೂ ಜೋಡಿಸಿದ್ದೇನೆ, ಪುಢಾರಿಗಳು ಬರೆಸಿದ್ದನ್ನೂ ಜೋಡಿಸಿದ್ದೇನೆ. ಒಂದಕ್ಷರ ಸುಳ್ಳಿಲ್ಲದ ಬರಹ ಎಂದು ನಾನು ಕೈಮುಗಿದು ಜೋಡಿಸಿದ್ದು ಮಲ್ಲಕ್ಕನ ‘ಮನೆವಾರ್ತೆ’ ಅಂಕಣ ಒಂದನ್ನೇ.

ಅದು ಶುರುವಾದದ್ದು ಜಗಳದಿಂದ. ೧೯೮೭ನೇ ಇಸವಿ. ಸಂಪಾದಕ ಎರ್ರಿಸ್ವಾಮಿಯವರು ಪುಟದ ಮೂಲೆಯಲ್ಲಿ ಜಾಗ ಉಳಿದರೆ ದೊಡ್ಡ ಊರಿನ ಪತ್ರಿಕೆಗಳಿಂದ ನಾಲ್ಕು ಸಾಲು ಹೆಕ್ಕಿ ‘ಗೃಹಿಣಿಯರಿಗೆ’ ಎಂದು ತುಂಬಿಸುತ್ತಿದ್ದರು. ಒಂದು ವಾರ, ಅಲ್ಯೂಮಿನಿಯಂ ಪಾತ್ರೆಯನ್ನು ವಾಷಿಂಗ್ ಸೋಡಾದಲ್ಲಿ ಕುದಿಸಿದರೆ ಬೆಳ್ಳಿಯಂತೆ ಹೊಳೆಯುತ್ತದೆ ಎಂದು ಬಂತು. ಜೋಡಿಸಿದವನು ನಾನೇ. ಮೂರನೇ ದಿನ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಅಚ್ಚಿನ ಮನೆಯೊಳಗೆ ಬಂದು, ಒಲೆಯ ಹಿಂಬದಿಯಂತೆ ಕಪ್ಪಾದ ಪಾತ್ರೆಯೊಂದನ್ನು ನನ್ನ ಮೊಳೆಗಳ ಪೆಟ್ಟಿಗೆಯ ಮೇಲೆ ಕುಕ್ಕಿದಳು.

“ಇದು ಬೆಳ್ಳಿ ಏನಪ್ಪ? ನೋಡು ಚೆನ್ನಾಗಿ.”

ನಾನು ಸಂಪಾದಕರ ಕಡೆ ಕೈ ತೋರಿಸಿದೆ. ಎರ್ರಿಸ್ವಾಮಿಯವರು ಕನ್ನಡಕ ಸರಿಮಾಡಿಕೊಂಡು, “ಅದು ಬೇರೆ ಪೇಪರ್‌ನಿಂದ ತಗಂಡಿದ್ದಮ್ಮ, ನಮ್ಮದಲ್ಲ” ಎಂದರು.

“ನೀವು ತೊಳ್ದು ನೋಡಿದ್ರಾ?”

“ಪೇಪರ್ ನಡೆಸೋನು ಪಾತ್ರೆ ತೊಳಿತಾನೇನಮ್ಮ?”

“ತೊಳಿದೇ ಇದ್ರೆ ಬರಿಬಾರ್ದು. ನಮ್ಮತ್ತೆ ಪಾತ್ರೆ ಸ್ವಾಮಿ ಇದು. ಈಗ ಇದ್ರಾಗೆ ಏನು ಮಾಡಿದ್ರೂ ಮಸಿ ಬಿಡ್ತೈತೆ.”

ಎರ್ರಿಸ್ವಾಮಿಯವರಿಗೆ ನಗು ಬಂತು. ತಮಾಷೆಗೆ, “ಹಂಗಾದ್ರೆ ಮುಂದಿನ ವಾರದಿಂದ ನೀನೇ ಬರ್ಕೊಡು ತಾಯಿ, ಎಲ್ಲಾ ತೊಳ್ದು ನೋಡಿ” ಎಂದರು. ಅವಳು ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವವಳಲ್ಲ. ಮುಂದಿನ ವಾರ ಅವಳ ಗಂಡ ಕರಿಯಣ್ಣ ಖಾಕಿ ಬಟ್ಟೆಯಲ್ಲಿ ಬಂದು ಒಂದು ಹಾಳೆ ಕೊಟ್ಟ. ಕರಿಯಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ, ಏಳನೇ ತರಗತಿಯವರೆಗೆ ಓದಿದ ದುಂಡು ಅಕ್ಷರದಲ್ಲಿ ಬರೆದಿತ್ತು: ‘ಕಪ್ಪಾದ ಅಲ್ಯೂಮಿನಿಯಂ ಪಾತ್ರೆಗೆ ಹುಣಸೆಹಣ್ಣಿನ ನೀರು ತುಂಬಿ ಕುದಿಸಿದೆ. ಒಂದು ಸಲಕ್ಕೆ ಅರ್ಧ ಹೋಯಿತು. ಮೂರು ಸಲಕ್ಕೆ ಮುಕ್ಕಾಲು ಹೋಯಿತು. ಪೂರ್ತಿ ಹೋಗಲಿಲ್ಲ. ನಾನು ಮಾಡಿ ನೋಡಿದ್ದು. ಮಲ್ಲಕ್ಕ.’

‘ಪೂರ್ತಿ ಹೋಗಲಿಲ್ಲ’ ಎಂದು ಯಾವ ಪತ್ರಿಕೆಯೂ ಅಚ್ಚು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಆ ಮಾತನ್ನು ಜೋಡಿಸುವಾಗ ನನ್ನ ಬೆರಳು ಒಂದು ಗಳಿಗೆ ನಿಂತಿತು.

ಮುಂದಿನ ಮೂವತ್ತಾರು ವರ್ಷ ‘ನಾನು ಮಾಡಿ ನೋಡಿದ್ದು’ ಎನ್ನುವ ಮಾತಿಲ್ಲದೆ ಮನೆವಾರ್ತೆ ಮುಗಿದದ್ದಿಲ್ಲ. ಅವಳ ಮನೆಯ ಹಿತ್ತಲಲ್ಲಿ ತಗಡಿನ ಸೂರಿನ ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ಸಾಲಾಗಿ ಡಬ್ಬಿಗಳು. ಅವರೆಕಾಳಿಗೆ ಒಂದರಲ್ಲಿ ಬೂದಿ, ಇನ್ನೊಂದರಲ್ಲಿ ಚಂದ್ರವಳ್ಳಿ ಕಡೆಯಿಂದ ತಂದು ಒಣಗಿಸಿದ ಬೇವಿನ ಸೊಪ್ಪು, ಮತ್ತೊಂದರಲ್ಲಿ ಏನೂ ಇಲ್ಲ. ಯಾವುದಕ್ಕೆ ಯಾವತ್ತು ಹುಳ ಬಿತ್ತು ಎಂದು ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ ಬರೆಯುತ್ತಿದ್ದಳು. ಹೊಳಲ್ಕೆರೆಯ ಓದುಗಿಯೊಬ್ಬಳು ಜೂನ್ ತಿಂಗಳಲ್ಲಿ ತೊಗರಿಬೇಳೆಯ ಹುಳಕ್ಕೆ ಏನು ಮಾಡಲಿ ಎಂದು ಕೇಳಿದರೆ, ಉತ್ತರ ನವೆಂಬರಿನಲ್ಲಿ ಬರುತ್ತಿತ್ತು: ‘ಹರಳೆಣ್ಣೆ ಸವರಿ ಐದು ತಿಂಗಳು ಇಟ್ಟು ನೋಡಿದೆ. ಹುಳ ಬೀಳಲಿಲ್ಲ.’ ಅಷ್ಟರಲ್ಲಿ ಆ ಮನೆಯ ಬೇಳೆ ಸಾರಾಗಿ ಹೋಗಿರುತ್ತಿತ್ತು. ಎರ್ರಿಸ್ವಾಮಿಯವರು ತಲೆ ಚಚ್ಚಿಕೊಳ್ಳುತ್ತಿದ್ದರು. ಹೆಂಗಸರು ಮಾತ್ರ ಆ ತುಂಡನ್ನು ಕತ್ತರಿಸಿ ಅಡುಗೆಮನೆ ಬಾಗಿಲ ಹಿಂದೆ ಅನ್ನದ ಗಂಜಿ ಹಚ್ಚಿ ಅಂಟಿಸುತ್ತಿದ್ದರು. ಮುಂದಿನ ವರ್ಷದ ಬೇಳೆಗೆ ಆಯಿತಲ್ಲ.

ಕರಿಯಣ್ಣನಿಗೂ ಇದರಲ್ಲಿ ಪಾಲಿತ್ತು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಂದು ಅವನ ಡ್ಯೂಟಿ ಬದಲಾದಂತೆ ಬಸ್ಸು ನಿಂತಲ್ಲೆಲ್ಲ ಯಾರಾದರೂ ಕಾಗದ ಕೊಡುತ್ತಿದ್ದರು, ಹುಳ ಹಿಡಿದ ಹಿಟ್ಟಿನ ಪೊಟ್ಟಣ ಕೊಡುತ್ತಿದ್ದರು. ಒಮ್ಮೆ ಕರೆ ಹೋಗದ ರವಿಕೆಯನ್ನೇ ಕೊಟ್ಟಿದ್ದರು. ಟಿಕೆಟ್ ಚೀಲದ ಪಕ್ಕ ಅವನದು ಇನ್ನೊಂದು ಚೀಲ. “ತಿಮ್ಮಪ್ಪ, ನಮ್ಮನೇಲಿ ಊಟ ಕಮ್ಮಿ, ಪರೀಕ್ಷೆ ಜಾಸ್ತಿ. ಇಪ್ಪತ್ತೈದು ವರ್ಷ ಆತು ಮದುವೆಯಾಗಿ, ನಾನು ಪಾಸೋ ಫೇಲೋ ಇನ್ನೂ ಬರಿಲಿಲ್ಲ ಇವಳು” ಎನ್ನುತ್ತಿದ್ದ. ಮಲ್ಲಕ್ಕ ಒಳಗಿನಿಂದಲೇ, “ಇನ್ನೂ ನೋಡ್ತಾ ಇದೀನಿ ಕಣ್ರಿ” ಎನ್ನುತ್ತಿದ್ದಳು.

ಇಂಥವಳು ಒಮ್ಮೆ ತಪ್ಪಿದಳು. ಮಾಡಿ ನೋಡದೆ ತಪ್ಪಿದ್ದಲ್ಲ. ಮಾಡಿ ನೋಡಿಯೂ ತಪ್ಪಿದಳು.

೧೯೯೪ರ ಬೇಸಿಗೆ. ಮಾವಿನಕಾಯಿ ಉಪ್ಪಿನಕಾಯಿಯ ಹದ ಬರೆದಿದ್ದಳು. ಆರು ಸೇರು ಮಾವಿನ ಹೋಳುಗಳಿಗೆ ಒಂದು ಸೇರು ಕಲ್ಲುಪ್ಪು. ಇಪ್ಪತ್ತು ವರ್ಷ ಅವಳ ಮನೆಯಲ್ಲಿ ಕೆಡದ ಹದ ಅದು. ಒಂದು ತಿಂಗಳು ಕಳೆದು ಕರಿಯಣ್ಣ ಹಿರಿಯೂರಿನಿಂದ ಬಸ್ಸಿನ ಬಾನೆಟ್ಟಿನ ಮೇಲೆ ಒಂದು ಜಾಡಿ ಇಟ್ಟುಕೊಂಡು ಬಂದ. ಜೊತೆಗೆ ಕಾಗದವಿರಲಿಲ್ಲ. ಬಾಯಿ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಬೆಳ್ಳಗೆ ಬೂಜು, ಕೊಳೆತ ವಾಸನೆ. ಕೊಟ್ಟವಳು ಅನುಸೂಯ ಎನ್ನುವ ಹೆಂಗಸು. ಮಗಳು ಮಮತಾಳ ಮದುವೆಗೆ ಹನ್ನೆರಡು ದಿನ ಉಳಿದಿದೆ. ಊಟಕ್ಕೆಂದು ಮೂವತ್ತು ಸೇರು ಹೋಳಿನ ಉಪ್ಪಿನಕಾಯಿ ಹಾಕಿದ್ದಳು, ಎಲ್ಲ ಜಾಡಿಯೂ ಹೀಗೇ ಆಗಿವೆ ಎಂದು ಬಾಯಲ್ಲೇ ಹೇಳಿ ಕಳಿಸಿದ್ದಳು.

ಮಲ್ಲಕ್ಕ ಜಾಡಿ ಹೊತ್ತುಕೊಂಡು ನೇರ ಅಚ್ಚಿನ ಮನೆಗೆ ಬಂದಳು. ಎರ್ರಿಸ್ವಾಮಿಯವರು ಮೂಗಿಗೆ ಪಂಚೆಯ ಸೆರಗು ಹಿಡಿದರು.

“ಯಾರೋ ಒದ್ದೆ ಕೈ ಹಾಕಿರ್ತಾರೆ ಬಿಡಮ್ಮ. ಅದಕ್ಕೆಲ್ಲಾ ನಾವೇನು ಮಾಡಕ್ಕಾಗ್ತೈತೆ?”

“ಒದ್ದೆ ಕೈಯಾದ್ರೆ ಒಂದು ಜಾಡಿ ಕೆಡ್ತದೆ ಸ್ವಾಮಿ. ಎಲ್ಲಾ ಕೆಟ್ಟಾವೆ. ತಪ್ಪು ಬರವಣಿಗೇಲಿ ಐತೆ. ಎಲ್ಲೈತೆ ಅಂತ ಗೊತ್ತಾಗ್ತಿಲ್ಲ. ನಾಳೆ ಹೋಗಿ ನೋಡ್ತೀನಿ.”

ಎರ್ರಿಸ್ವಾಮಿಯವರು ನನ್ನನ್ನು ಪಕ್ಕಕ್ಕೆ ಕರೆದು, “ನೀನೂ ಜೊತೆಗೆ ಹೋಗು ಮಾರಾಯ. ಆಯಮ್ಮ ಪತ್ರಿಕೆ ಮಾನ ಅಲ್ಲೇ ಹರಾಜು ಹಾಕಿ ಬಂದಾಳು” ಎಂದರು. ಹೀಗೆ ನಾನೂ ಹಿರಿಯೂರು ಕಂಡೆ.

ಅನುಸೂಯ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. “ನೀವೇನಾ ಪೇಪರಿನ ಮಲ್ಲಕ್ಕ? ಬರ್ರಿ, ಕುಂತ್ಕಳ್ರಿ. ನಿಮ್ಮ ಮಾತು ನಂಬಿ ಹಾಕಿದ್ದು ನಾನು. ಬೀಗರು ಎಲೆ ಮುಂದೆ ಕುಂತಾಗ ಈ ಬೂಜು ಬಡಿಸ್ಲಾ? ‘ಹುಡುಗಿ ತಾಯಿಗೆ ಉಪ್ಪಿನಕಾಯಿ ಹಾಕಾಕೆ ಬರಲ್ಲ, ಮಗಳಿಗೇನು ಕಲಿಸ್ಯಾಳು’ ಅಂತ ನನ್ನ ಮಗಳು ಸಾಯೋವರೆಗೂ ಕೇಳ್ಬೇಕು.”

ಮಲ್ಲಕ್ಕ ಕೂರಲಿಲ್ಲ. “ತಂಗೀ, ನೀನು ಹೆಂಗೆ ಮಾಡಿದ್ಯೋ ಹಂಗೇ ಒಂದ್ಸಲ ಮಾಡಿ ತೋರ್ಸು. ನಾನು ಬಾಯಿ ಬಿಡಲ್ಲ” ಎಂದಳು.

ಅನುಸೂಯ ಗೊಣಗುತ್ತ ಸೇರು ತಂದಳು. ಖಾಲಿ ಬುಟ್ಟಿಯನ್ನು ಹೋಳಿನ ಬುಟ್ಟಿ ಎಂದುಕೊಂಡು ಆರು ಸಲ ಅಳೆದಂತೆ ಮಾಡಿದಳು. ಆಮೇಲೆ ಉಪ್ಪಿನ ಮಡಕೆಯಿಂದ ಸೇರು ತುಂಬಿದಳು. ತುಂಬಿ, ಅಂಗೈಯನ್ನು ಸೇರಿನ ಬಾಯಿಯ ಮೇಲೆ ಇಟ್ಟು, ಸರ್ರನೆ ಸವರಿ, ಹೆಚ್ಚಿನ ಉಪ್ಪನ್ನು ಮಡಕೆಗೇ ತಳ್ಳಿದಳು.

ಮಲ್ಲಕ್ಕನ ಬಾಯಿಂದ ‘ಅಯ್ಯೋ’ ಎಂದು ಹೊರಟಿತು.

“ಯಾಕೆ ಸವರಿದೆ?”

“ಉಪ್ಪು ಸವರ್ದೆ ಅಳಿತಾರೇನಕ್ಕ? ಉಪ್ಪು ಗೋಪುರ ಕಟ್ಟಿದ್ರೆ ಮನ್ಯಾಗೆ ಜಗಳ ಅಂತ ನಮ್ಮವ್ವ ಹೇಳೋಳು. ನೀವು ಸವರಲ್ವಾ?”

“ನಮ್ಮನೇಲಿ ಸವರಿ ಅಳಿಯಾದು ಸಾವಿನ ಮನೆ ಅಕ್ಕಿ ಒಂದನ್ನೇ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಲ್ಲಕ್ಕ ಸೇರಿಗೆ ಮತ್ತೆ ಉಪ್ಪು ಸುರಿದು ಗೋಪುರ ಕಟ್ಟಿದಳು. ಅಜ್ಜ ಕೊಳಗಕ್ಕೆ ಕಟ್ಟುತ್ತಿದ್ದಂತೆಯೇ, ಎರಡು ಹರಳು ಉದುರುವ ತನಕ. ಆ ಗೋಪುರವನ್ನು ಮಾತ್ರ ಬೇರೆ ಸವರಿ ತೆಗೆದು ಪಾವಿಗೆ ಹಾಕಿದಳು. ಸರಿಯಾಗಿ ಒಂದು ಪಾವು, ಸೇರಿನ ಕಾಲು ಭಾಗ. ಐದು ಸೇರು ಉಪ್ಪಿನಲ್ಲಿ ಐದು ಪಾವು ಕಡಿಮೆಯಾಗಿತ್ತು. ಇನ್ನೇನು ಬೇಕು ಬೂಜು ಹಿಡಿಯಲು? ಅವಳ ಜನ್ಮದಲ್ಲಿ ಸೇರು ಎಂದರೆ ಗೋಪುರವೂ ಸೇರಿಯೇ ಸೇರು. ಗೋಪುರವಿಲ್ಲದ ಸೇರು ಇನ್ನೊಬ್ಬರ ಮನೆಯಲ್ಲಿ ಇದ್ದೀತು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹೊಳೆಯದ್ದನ್ನು ಬರೆಯುವುದು ಹೇಗೆ?

ಅನುಸೂಯಳ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. “ಹಂಗಾದ್ರೆ ತಪ್ಪು ನಂದೋ ನಿಮ್ದೋ?” ಎಂದಳು.

“ನಂದೇ ಕಣೇ. ಬರೆದೋಳು ನಾನು. ನಡಿ, ಸಂತೆಗೆ ಹೋಗಾಣ. ಹುಳಿಮಾವು ಇನ್ನೂ ಸಿಗ್ತಾವೆ.”

ಮಲ್ಲಕ್ಕ ಎರಡು ದಿನ ಹಿರಿಯೂರಿನಲ್ಲೇ ಉಳಿದು ಹೊಸದಾಗಿ ಉಪ್ಪಿನಕಾಯಿ ಹಾಕಿಸಿದಳು. ಸೇರನ್ನು ಮಾತ್ರ ತಾನು ಮುಟ್ಟಲಿಲ್ಲ. “ನಿಮ್ಮ ಮನೆ ಪದ್ಧತಿ ನೀನು ಬಿಡಬ್ಯಾಡ. ಸವರೇ ಅಳಿ. ಆಮೇಲೆ ಸೇರಿಗೊಂದು ಪಾವು ಹಾಕು” ಎಂದಳು. ಮದುವೆಯ ದಿನ ಅವಳೂ ಹೋದಳು, ನಾನೂ ಹೋದೆ. ಬೀಗರ ಪಂಕ್ತಿ ಎದ್ದ ಮೇಲೆ ಅವಳು ಸಾಲಿನ ಈ ತುದಿಯಿಂದ ಆ ತುದಿಗೆ ಎಂಜಲೆಲೆ ನೋಡುತ್ತ ನಡೆದದ್ದು ನನಗೆ ನಿನ್ನೆ ಮೊನ್ನೆಯದಂತೆ ಕಣ್ಣಲ್ಲಿದೆ. ಪಲ್ಯ ಉಳಿದ ಎಲೆಗಳಿದ್ದವು, ಲಾಡು ಉಳಿದ ಎಲೆಗಳಿದ್ದವು. ಉಪ್ಪಿನಕಾಯಿ ಉಳಿದ ಎಲೆ ಒಂದೂ ಇರಲಿಲ್ಲ. ಆಮೇಲೆ ಅವಳು ಊಟಕ್ಕೆ ಕೂತಳು.

ಅದಕ್ಕೂ ಮೊದಲೇ ಪತ್ರಿಕೆಯಲ್ಲಿ ತಪ್ಪೊಪ್ಪಿಗೆ ಬಂದಿತ್ತು. ಎರ್ರಿಸ್ವಾಮಿಯವರಿಗೆ ಸಣ್ಣದಾಗಿ ಕೊನೇ ಪುಟದಲ್ಲಿ ಹಾಕುವ ಆಸೆ. ಮಲ್ಲಕ್ಕ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, “ಹದ ಬಂದ ಜಾಗದಾಗೇ ಬರ್ಬೇಕು, ಅದಕ್ಕಿಂತ ದಪ್ಪ ಅಕ್ಷರದಾಗೆ ಬರ್ಬೇಕು” ಎಂದಳು. ಹಬ್ಬದ ಶುಭಾಶಯಕ್ಕೆಂದು ಎತ್ತಿಟ್ಟಿದ್ದ ದಪ್ಪ ಮೊಳೆಗಳನ್ನು ತೆಗೆದು ‘ನನ್ನ ತಪ್ಪು’ ಎಂದು ಜೋಡಿಸಿದೆ. ಕೆಳಗೆ ಅವಳ ಮಾತು: ‘ಸೇರು ಎಂದು ಬರೆದಾಗ ಮೇಲೆ ಗೋಪುರ ಇರುವ ಸೇರು ಎಂದು ಬರೆಯಲಿಲ್ಲ. ಸವರಿ ಅಳೆದವರ ಉಪ್ಪಿನಕಾಯಿ ಕೆಟ್ಟಿದ್ದರೆ ಅದು ಅವರ ಕೈಯ ತಪ್ಪಲ್ಲ. ಸವರಿ ಅಳೆದೂ ಇನ್ನೂ ಕೆಡದಿದ್ದರೆ ಇವತ್ತೇ ಉಪ್ಪಿನ ಸೇರಿಗೆ ಒಂದು ಪಾವು ಉಪ್ಪು ಸೇರಿಸಿರಿ.’

ಆ ವಾರ ಬಂದಷ್ಟು ಕಾಗದ ಚುನಾವಣೆಯ ವಾರದಲ್ಲೂ ಪತ್ರಿಕೆಗೆ ಬಂದಿರಲಿಲ್ಲ. ಬೈದವರು ಮೂರೋ ನಾಲ್ಕೋ ಜನ. ಉಳಿದವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಏನನ್ನು ಗೋಪುರ ಕಟ್ಟುತ್ತಾರೆ, ಏನನ್ನು ಸವರುತ್ತಾರೆ ಎಂದು ಬರೆದಿದ್ದರು. ಹೊಸದುರ್ಗದವಳೊಬ್ಬಳು, ‘ಕೊಡುವಾಗ ಗೋಪುರ, ಇಸಿದುಕೊಳ್ಳುವಾಗ ಸವರು’ ಎಂದು ಬರೆದಿದ್ದಳು. ಮಲ್ಲಕ್ಕ ಅದನ್ನು ಓದಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಮ್ಮ ಸಂಪಾದಕರು ಹೆದರಿದ ಮಾನ ಎಲ್ಲೂ ಹೋಗಲಿಲ್ಲ. ಪತ್ರಿಕೆ ಇನ್ನೂರು ಪ್ರತಿ ಹೆಚ್ಚಿಗೆ ಓಡಿತು.

ಆದರೆ ಅವಳ ಕೆಲಸ ಇಮ್ಮಡಿಯಾಯಿತು. ಅಲ್ಲಿಂದ ಮುಂದೆ ತಾನು ಮಾಡಿ ನೋಡಿದ ಮೇಲೆ, ಬರೆದದ್ದನ್ನು ನೆರೆಮನೆಯ ಹೆಂಗಸಿಗೆ ಓದಿ ಹೇಳುವಳು. ಅವಳು ಅದರಂತೆ ಮಾಡುವಾಗ ಇವಳು ತುಟಿ ಹೊಲಿದುಕೊಂಡು ಎದುರಿಗೆ ಕೂರುವಳು. ಎಲ್ಲಿ ಆ ಕೈ ಅನುಮಾನಿಸುತ್ತದೋ ಅಲ್ಲಿ ಒಂದು ಮಾತು ಸೇರಿಸುವಳು. ಬಾಯಿಗೆ ಸಮನಾಗಿ, ಗೋಪುರ ಬರುವಂತೆ, ಹಸೀ ಇದ್ದಾಗ ತೂಗಿದರೆ, ಒಣಗಿದ ಮೇಲೆ ತೂಗಿದರೆ. ನಾಲ್ಕು ತಾಲ್ಲೂಕಿನ ಹೆಂಗಸರ ಕೈ ಹೇಗೆ ಹೇಗೆ ಆಡುತ್ತದೆ ಎಂದು ಬಲ್ಲವಳು ಅವಳೊಬ್ಬಳೇ.

ಕಾಲ ಸರಿಯಿತು. ಸೀಸದ ಮೊಳೆಗಳು ಮಣದ ಲೆಕ್ಕದಲ್ಲಿ ಗುಜರಿಗೆ ಹೋದವು. ಕಂಪ್ಯೂಟರ್ ಬಂತು, ಅದನ್ನೂ ಕೆಣಕಿ ಕೆಣಕಿ ಕಲಿತೆ. ಎರ್ರಿಸ್ವಾಮಿಯವರು ಹೋದರು, ಮಗ ಬಸವೇಶ್ ಪತ್ರಿಕೆ ನಡೆಸತೊಡಗಿದ. ಕರಿಯಣ್ಣ ನಿವೃತ್ತನಾಗಿ ಆರು ವರ್ಷ ಬದುಕಿದ್ದ. ಅವನು ಹೋದ ಮೇಲೆ ಒಂದು ದಿನ ಮಲ್ಲಕ್ಕ ಅವನ ಎರಡನೆಯ ಚೀಲವನ್ನು ಒಗೆದು ಇಸ್ತ್ರಿ ಮಾಡಿ ನನಗೆ ಕೊಟ್ಟಳು. “ಪಾಸು ಅಂತ ಹೇಳ್ಲೇ ಇಲ್ಲ ತಿಮ್ಮಪ್ಪ ನಾನು” ಎಂದಳು. ನಾನು ಕೆಲಸ ಬಿಟ್ಟ ಮೇಲೂ ಪತ್ರಿಕೆಗೆ ಬಂದ ಕಾಗದಗಳನ್ನು ಆ ಚೀಲದಲ್ಲೇ ವಾರಕ್ಕೊಮ್ಮೆ ಅವಳಿಗೆ ತಲುಪಿಸುತ್ತ ಬಂದಿದ್ದೇನೆ.

ಈಗ ಅವಳಿಗೆ ಎಂಬತ್ತೊಂದು. ಮಗಳು ಸುಮಿತ್ರಾಳ ಮನೆಯಲ್ಲಿದ್ದಾಳೆ. ಮನೆ ತುಂಬ ಜನ, ಮಾತು, ನಗು. ಮೊಮ್ಮಗಳು ಪ್ರೀತಿ ಹೈಸ್ಕೂಲಿನಲ್ಲಿ ಟೀಚರು. ಡಬ್ಬಿಯ ಹಲಗೆ ಈಗ ಅಲ್ಲಿನ ತಾರಸಿಯ ಮೇಲಿದೆ. ಕೆಟ್ಟದ್ದು ಒಂದೇ, ಕೈ. ಕೀಲುವಾತದಿಂದ ಬೆರಳುಗಳು ಬೇರಿನಂತೆ ಸೊಟ್ಟಗಾದವು, ಮುಷ್ಟಿ ಮುಚ್ಚುವುದಿಲ್ಲ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಬಸವೇಶನಿಗೆ ಹೇಳಿ ಕಳಿಸಿದಳು: ಮಾಡಿ ನೋಡಲು ಕೈ ಬರುತ್ತಿಲ್ಲ, ಮನೆವಾರ್ತೆ ನಿಲ್ಲಿಸಿಬಿಡು.

ಬಸವೇಶ್ ಓಡಿ ಬಂದ. ಅವನ ಜೊತೆ ನಾನೂ ಇದ್ದೆ.

“ಅಜ್ಜಿ, ನಿಲ್ಲಿಸೋ ಮಾತೇ ಬ್ಯಾಡ. ಹಳೇದೇ ಸಾವಿರದ ಮೇಲೆ ಅವೆ. ಅವನ್ನೇ ತಿರುಗಿ ಹಾಕೋಣ.”

“ಆಗಿನ ಎಣ್ಣೆ ಬೇರೆ, ಈಗಿನ ಪ್ಯಾಕೆಟ್ ಎಣ್ಣೆ ಬೇರೆ ಕಣಪ್ಪ. ಆವತ್ತು ನೋಡಿದ್ದು ಇವತ್ತು ನಡಿತೈತೆ ಅಂತ ಯಾವ ಬಾಯಾಗೆ ಹೇಳ್ಲಿ?”

“ಹೋಗ್ಲಿ, ಈಗ ಕಂಪ್ಯೂಟರೇ ಬರಿತದೆ ಅಜ್ಜಿ. ಕೇಳಿದ್ರೆ ಒಂದು ನಿಮಿಷಕ್ಕೆ ಹತ್ತು ಉಪಾಯ ಕೊಡ್ತದೆ. ನಿಮ್ಮ ಹೆಸ್ರು, ಫೋಟೋ ಇದ್ರೆ ಸಾಕು.”

“ಅದು ಪಾತ್ರೆ ತೊಳಿತದಾ?”

ಬಸವೇಶನ ಮುಖ ನೋಡಿ ನನಗೆ ಅವನ ಅಪ್ಪನ ನೆನಪಾಯಿತು. ಆಗ ಪ್ರೀತಿ ಬಾಯಿ ಹಾಕಿದಳು. “ಅಜ್ಜಿ, ನೀನು ಹೇಳ್ತಾ ಹೋಗು, ನಾನು ಮಾಡ್ತೀನಿ. ನಾನೇನು ಹೊರಗಿನೋಳಾ?”

“ನೀನು ಮಾಡಿದ್ರೆ ‘ಪ್ರೀತಿ ಮಾಡಿ ನೋಡಿದ್ದು’ ಅಂತ ಬರಿ. ಚೆನ್ನಾಗೇ ಇರ್ತದೆ. ‘ನಾನು ಮಾಡಿ ನೋಡಿದ್ದು’ ಅಂತ ನಾನೆಂಗೆ ಬರೀಲಿ ಮಗಾ?”

ಮನೆವಾರ್ತೆ ನಿಂತಿತು. ಏಳು ವಾರ ಆ ಜಾಗದಲ್ಲಿ ಯಾವುದೋ ಚಿನ್ನದಂಗಡಿಯ ಜಾಹೀರಾತು ಬಂತು. ಪತ್ರಿಕೆ ಬಿಡಿಸಿದಾಗಲೆಲ್ಲ ನನಗೆ ಹಲ್ಲು ಉದುರಿದ ಜಾಗಕ್ಕೆ ನಾಲಗೆ ಹೋದಂತಾಗುತ್ತಿತ್ತು. ಮಲ್ಲಕ್ಕನನ್ನು ನೋಡಲು ಹೋದರೆ ಅಂಗಳದಲ್ಲಿ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡಿರುವಳು, ಅವು ಬೇರೆ ಯಾರದೋ ಎನ್ನುವಂತೆ. ಮಾತು ಕಡಿಮೆಯಾಗಿತ್ತು. ತಾರಸಿಯ ಡಬ್ಬಿಗಳ ಚೀಟಿ ಬಿಸಿಲಿಗೆ ಬೆಳ್ಳಗಾಗುತ್ತಿದ್ದವು.

ಎಂಟನೇ ವಾರ ಪತ್ರಿಕೆಯ ಕಚೇರಿಯಲ್ಲಿ ಒಂದು ಪೋಸ್ಟ್‌ಕಾರ್ಡು ಬಿದ್ದಿತ್ತು. ಈಗ ಪೋಸ್ಟ್‌ಕಾರ್ಡು ಬರೆಯುವವರಾದರೂ ಯಾರಿದ್ದಾರೆ? ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಿಂದ ತಿಪ್ಪಕ್ಕ ಎನ್ನುವವಳು ಯಾರ ಕೈಲೋ ಬರೆಸಿದ್ದಳು. ಚೀಲಕ್ಕೆ ಹಾಕಿಕೊಂಡು ಹೋಗಿ ಮಲ್ಲಕ್ಕನಿಗೆ ಓದಿ ಹೇಳಿದೆ: ‘ನನಗೆ ಎಂಬತ್ತು ವರ್ಷ. ಹಗಲು ಮನೆಯವರೆಲ್ಲ ಕೆಲಸಕ್ಕೆ ಹೋಗುತ್ತಾರೆ. ಈಗಿನ ಡಬ್ಬಿಯ ಮುಚ್ಚಳ ಬಲು ಬಿಗಿ. ನನ್ನ ಕೈಗೆ ಬರುವುದಿಲ್ಲ. ಉಪ್ಪಿನಕಾಯಿ ಎದುರಿಗೇ ಇದ್ದರೂ ಮಧ್ಯಾಹ್ನ ಬರೀ ಮಜ್ಜಿಗೆ ಅನ್ನ ಉಣ್ಣುತ್ತೇನೆ. ಸಂಜೆ ಯಾರನ್ನಾದರೂ ಕೇಳಲು ನಾಚಿಕೆ. ಏನಾದರೂ ಉಪಾಯ ಇದ್ದರೆ ಬರೆಯಿರಿ.’

ಮಲ್ಲಕ್ಕ, “ಇನ್ನೊಂದ್ಸಲ ಓದು” ಎಂದಳು. ಓದಿದೆ. ಕಾರ್ಡು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ತಾನೇ ಓದಿಕೊಂಡಳು. ಆಮೇಲೆ ಒಳಗೆ ಕೂಗಿದಳು. “ಪ್ರೀತೀ, ಮನ್ಯಾಗೆ ತಿರುಗಿಸಾ ಮುಚ್ಚಳದ ಡಬ್ಬಿ ಎಷ್ಟವೆ? ಎಲ್ಲಾ ತಾರಸಿಗೆ ತಾ.”

ಮುಂದಿನ ವಾರ ಹೋದಾಗ ತಾರಸಿಯ ಮೇಲೆ ನಾಲ್ಕು ಡಬ್ಬಿ, ಒಂದು ಬೋಗುಣಿ ಬಿಸಿನೀರು, ಸೈಕಲ್ ಟ್ಯೂಬಿನ ಅಗಲವಾದ ಒಂದು ತುಂಡು, ಒದ್ದೆ ಟವೆಲ್ಲು ಹರಡಿದ್ದವು. ಪ್ರೀತಿ ಹಣೆಯ ಬೆವರು ಒರೆಸಿಕೊಳ್ಳುತ್ತ, “ನೋಡಿ ತಾತ, ಶಕ್ತಿಯೆಲ್ಲಾ ಹಾಕಿ ಬಿಗಿ ಮಾಡು ಅಂತ ನನಗೆ ಹೇಳ್ತಾಳೆ. ಮುಚ್ಚೋಕೆ ನಾನು ಬೇಕು, ತೆಗಿಯೋಕೆ ಬೇಡ” ಎಂದು ನಗುತ್ತ ಕೆಳಗೆ ಹೋದಳು.

ಮಲ್ಲಕ್ಕ ಒಂದು ಡಬ್ಬಿಯನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಕೂತಿದ್ದಳು. ಮುಚ್ಚಳಕ್ಕೆ ಟ್ಯೂಬಿನ ತುಂಡು ಸುತ್ತಿ, ಬೆರಳು ಬಿಟ್ಟು ಎರಡೂ ಅಂಗೈಯ ಬುಡದಿಂದ ಒತ್ತಿ ತಿರುಗಿಸುತ್ತಿದ್ದಳು. ಅಂಗೈ ಜಾರಿತು. ಮತ್ತೆ ಒತ್ತಿದಳು, ಮತ್ತೆ ಜಾರಿತು. ಮೂಗಿನ ತುದಿಯಿಂದ ಬೆವರು ಡಬ್ಬಿಯ ಮೇಲೆ ತೊಟ್ಟಿಕ್ಕಿತು. ಪಕ್ಕದ ಚೀಟಿಯಲ್ಲಿ ಪೆನ್ಸಿಲಿನ ಸೊಟ್ಟ ಅಕ್ಷರ: ‘ಬಿಸಿನೀರು, ಒಂದು ಡಬ್ಬಿ ಬಂತು. ಒದ್ದೆ ಟವೆಲ್ಲು, ಬರಲಿಲ್ಲ.’

ಮೂರನೆಯ ಸಲ ಜಾರಿದಾಗ ನೋವಿಗೆ ಅವಳ ಕಣ್ಣು ಮುಚ್ಚಿದವು. ನನ್ನಿಂದ ನೋಡಲಾಗಲಿಲ್ಲ. ಬಗ್ಗಿ ಡಬ್ಬಿಗೆ ಕೈ ಹಾಕಿದೆ. ಅವಳು ಕಣ್ಣು ತೆರೆದಳು.

“ಕೈ ತೆಗಿ ತಿಮ್ಮಪ್ಪ. ನೀನು ತೆಗೆದ್ರೆ ತಾಳ್ಯದೋಳಿಗೆ ಏನಂತ ಬರೀಲಿ? ತಿಮ್ಮಪ್ಪನ್ನ ಕರೀರಿ ಅಂತಾನಾ? ಆಕೆ ಕೇಳಿರಾದು ಎಂಬತ್ತು ವರ್ಷದ ಕೈ ಇದನ್ನ ಹೆಂಗೆ ತೆಗಿಬೇಕು ಅಂತ. ಅಂಥ ಕೈ ಈ ಮನ್ಯಾಗೆ ನಂದೊಂದೇ ಐತೆ. ಸರ್ಕೊಂಡು ಕುಂತ್ಕ, ನೆಳ್ಳು ಬೀಳ್ತೈತೆ.”